ಕೊಟ್ಟಿಗೆಗೆ ಯಾವ ಹಾಸು?

ಅಡಿಕೆ ಕೊಯ್ಲು ಅರ್ಧಕ್ಕೆ ಬಂದು, ಕಾಫಿ ಹಣ್ಣು ಕೆಂಪಗಾಗಿ, ಆಳುಗಳಿಗಾಗಿ ಒಬ್ಬರ ಮನೆ ಬಾಗಿಲಿಗೆ ಇನ್ನೊಬ್ಬರು ಎಡತಾಕುವ ಈ ದಿನಗಳಲ್ಲಿ ಕೊಟ್ಟಿಗೆಯ ಹಾಸಿನ ಬಗ್ಗೆ ಬರೆದರೆ ಓದುವವರು ಯಾರು ಎಂದು ಸಂಘದ ಕಚೇರಿಯಲ್ಲಿ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು. ಅವರ ಮಾತು ಸುಳ್ಳಲ್ಲ. ಆದರೆ ಇನ್ನೊಂದು ತಿಂಗಳು ಕಳೆದರೆ ಮರಗಳು ಎಲೆ ಉದುರಿಸುತ್ತವೆ, ನಾವೆಲ್ಲ ಎಂದಿನಂತೆ ದರಗು ಗುಡಿಸಲು ಜನ ಕಳಿಸುತ್ತೇವೆ. ವರ್ಷದ ಹಾಸು ಯಾವುದೆಂದು ನಿರ್ಧರಿಸಬೇಕಾದ್ದು ಅದಕ್ಕೆ ಮೊದಲು. ರಾಶಿ ಬಂದು ಕೊಟ್ಟಿಗೆಯ ಪಕ್ಕ ಬಿದ್ದ ಮೇಲೆ ಅಲ್ಲ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಾಸನ್ನು ಬದಲಿಸಿ ಈಗ ಎರಡು ವರ್ಷವಾಯಿತು. ಬದಲಿಸಿದ್ದು ಪುಸ್ತಕ ಓದಿ ಅಲ್ಲ, ಪೆಟ್ಟು ತಿಂದು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಹಾಸು ಎಂದರೆ ಗೊಬ್ಬರದ ಕಚ್ಚಾಮಾಲು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ತೋಟಗಾರನಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಅದು ಮೊದಲು ದನದ ಹಾಸಿಗೆ, ಆಮೇಲೆ ಗೊಬ್ಬರ. ಕರೆಯುವ ಹಸು ದಿನದಲ್ಲಿ ಹತ್ತು ಹನ್ನೆರಡು ಗಂಟೆ ಮಲಗಲು ಬಯಸುತ್ತದೆ. ಮೆಲುಕು ಹಾಕುವುದು ಹೆಚ್ಚಾಗಿ ಮಲಗಿದಾಗಲೇ. ನೆಲ ಒದ್ದೆಯಾಗಿದ್ದರೆ, ಕಲ್ಲು ಒತ್ತುತ್ತಿದ್ದರೆ ಅದು ಮಲಗದೆ ನಿಂತೇ ರಾತ್ರಿ ಕಳೆಯುತ್ತದೆ. ಗೊರಸು ಮೆತ್ತಗಾಗುತ್ತದೆ, ಮಂಡಿ ಬಾತುಕೊಳ್ಳುತ್ತದೆ, ಹಾಲು ಇಳಿಯುತ್ತದೆ. ನಾವು ಹಿಂಡಿಯನ್ನು ದೂರುತ್ತೇವೆ. ಹಿಂಡಿಯ ಚೀಲ ಬದಲಿಸುವ ಮುಂಚೆ ಒಂದು ರಾತ್ರಿ ಹತ್ತು ಗಂಟೆಗೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಿ ಎಷ್ಟು ದನ ಮಲಗಿವೆ, ಎಷ್ಟು ನಿಂತಿವೆ ಎಂದು ಎಣಿಸಿ ಬನ್ನಿ. ಖರ್ಚಿಲ್ಲದ ಪರೀಕ್ಷೆ ಇದು.

ಎರಡನೆಯ ಕೆಲಸ ಗಂಜಲ ಹೀರುವುದು. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು, ಪೊಟ್ಯಾಷಿನಲ್ಲಿ ಅರ್ಧಕ್ಕೂ ಬಹಳ ಹೆಚ್ಚು ಪಾಲು ಗಂಜಲದಲ್ಲಿರುತ್ತದೆ; ರಂಜಕ ಮಾತ್ರ ಸಗಣಿಯಲ್ಲಿ. ಹಾಸು ಸಾಲದ ಕೊಟ್ಟಿಗೆಯಿಂದ ಗಂಜಲ ಹರಿದು ಹಿತ್ತಲಿನ ಬಾಳೆಬುಡಕ್ಕೆ ಹೋಗುತ್ತದೆ. ಬಾಳೆ ಸೊಗಸಾಗಿ ಬರುತ್ತದೆ, ತೋಟ ಸೊರಗುತ್ತದೆ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಜೊತೆಗೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ ಎಂಬುದು ವಿಟ್ಲದ ಸಂಶೋಧನಾ ಕೇಂದ್ರದ ಶಿಫಾರಸು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550 ಮರ ಹಿಡಿದರೆ ಗೊಬ್ಬರವೇ ಆರೂವರೆ ಟನ್ ಬೇಕು. ಅಂಗಡಿಯಿಂದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಚೀಲವನ್ನು ಎತ್ತಿಕೊಂಡು ಬರುವವರು ಮನೆಯ ಪೊಟ್ಯಾಷನ್ನು ಚರಂಡಿಗೆ ಬಿಡುವುದನ್ನು ಕಂಡಾಗ ಸಂಘದ ಗೊಬ್ಬರ ಮಾರಾಟ ಮಾಡುವ ನಮಗೇ ಸಂಕೋಚವಾಗುತ್ತದೆ.

ಈ ಲೆಕ್ಕ ಹಿರಿಯರಿಗೆ ಗೊತ್ತಿತ್ತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದು ಸುಮ್ಮನೆ ಅಲ್ಲ. ಮಳೆಗಾಲಕ್ಕೆ ಹಸಿ ಸೊಪ್ಪು, ಬೇಸಿಗೆಗೆ ದರಗು, ನಡುವೆ ಬೇಣದ ಕರಡ — ಇದು ಪದ್ಧತಿ. ಪದ್ಧತಿ ಕೆಟ್ಟದ್ದಲ್ಲ. ಆದರೆ ಅದು ಹುಟ್ಟಿದ್ದು ಮಲೆನಾಡು ಗಿಡ್ಡ ತಳಿಗೆ. ಗಿಡ್ಡದ ಮೈ ಹಗುರ, ಸಗಣಿ ಕಡಿಮೆ, ಕೆಚ್ಚಲು ಚಿಕ್ಕದು, ನೆಲಕ್ಕೆ ತಾಗುವುದು ಅಪರೂಪ. ಈಗ ನಮ್ಮ ಬಹುಪಾಲು ಕೊಟ್ಟಿಗೆಗಳಲ್ಲಿ ಇರುವುದು ಜರ್ಸಿ, ಎಚ್.ಎಫ್. ಮಿಶ್ರತಳಿ, ಮೈ ಎರಡರಷ್ಟು, ಕೆಚ್ಚಲು ಜೋಲು. ಹಸಿ ಸೊಪ್ಪಿನ ಕೆಸರಿನ ಮೇಲೆ ಮಲಗಿದರೆ ಆ ಕೆಚ್ಚಲಿಗೆ ಏನಾಗುತ್ತದೆ ಎಂಬುದನ್ನು ಪಶುವೈದ್ಯರ ಬಿಲ್ಲು ಕೊಟ್ಟವರಿಗೆ ಹೇಳಬೇಕಾಗಿಲ್ಲ. ದನ ಬದಲಾಯಿತು, ಹಾಸು ಮಾತ್ರ ಅಜ್ಜನ ಕಾಲದ್ದೇ ಉಳಿಯಿತು.

ಒಂದೊಂದಾಗಿ ನೋಡುವುದಾದರೆ

ಭತ್ತದ ಹುಲ್ಲಿಗೆ ಸಮನಾದ ಹಾಸು ಇನ್ನೊಂದಿಲ್ಲ. ತನ್ನ ತೂಕದ ಎರಡರಷ್ಟಾದರೂ ನೀರು ಹೀರುತ್ತದೆ, ಬೆಚ್ಚಗಿರುತ್ತದೆ, ಗುಂಡಿಯಲ್ಲಿ ಬೇಗ ಕಳಿಯುತ್ತದೆ. ಆದರೆ ಗದ್ದೆಗಳೆಲ್ಲ ಅಡಿಕೆ ತೋಟವಾದ ಮೇಲೆ ಹುಲ್ಲನ್ನು ಬಯಲುಸೀಮೆಯಿಂದ ಲಾರಿಯಲ್ಲಿ ತರಿಸುತ್ತಿರುವ ನಾವು ಅದನ್ನು ಹಾಸುವ ಮಾತು ಆಡುವಂತಿಲ್ಲ. ದನ ತಿಂದು ಬಿಟ್ಟ ಕಡ್ಡಿಯನ್ನು ಹಾಸಿಗೆ ಎಳೆದುಕೊಂಡರೆ ಅಷ್ಟೇ ಲಾಭ. ಬೂಸಲು ಹಿಡಿದ ಹುಲ್ಲನ್ನು ಮಾತ್ರ ‘ತಿನ್ನಲಿಕ್ಕಾಗದಿದ್ದರೆ ಹಾಸಲಿ’ ಎಂದು ಕೊಟ್ಟಿಗೆಗೆ ಹಾಕಬೇಡಿ. ದನ ಅದನ್ನೂ ತಿನ್ನುತ್ತದೆ. ಅದರ ದೂಳು ಹಾಲು ಕರೆಯುವವರ ಎದೆಗೂ ಹೋಗುತ್ತದೆ. ನೇರ ಗುಂಡಿಗೆ ಹಾಕಿ.

ಗರಗಸದ ಹೊಟ್ಟಿನ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಹತ್ತಿರದ ಮಿಲ್ಲೊಂದರಿಂದ ಒಂದು ಲೋಡು ಹೊಟ್ಟು ತರಿಸಿದೆವು. ಹೊಸದಾಗಿ ಕೊಯ್ದ ಹಸಿ ಮರದ್ದು, ಮುಟ್ಟಿದರೆ ತಂಪು. ಮೃದುವಾಗಿದೆ, ಬೆಳ್ಳಗಿದೆ, ನೋಡಲು ಚೆಂದವಿದೆ ಎಂದು ಅರ್ಧ ಅಡಿ ದಪ್ಪ ಹಾಸಿದೆವು. ಇಪ್ಪತ್ತು ದಿನದೊಳಗೆ ಎರಡು ಹಸುಗಳಿಗೆ ಕೆಚ್ಚಲು ಬಾವು, ಒಂದರ ಎರಡು ಮೊಲೆ ಶಾಶ್ವತವಾಗಿ ಬತ್ತಿದವು. ಹಸಿ ಹೊಟ್ಟಿನಲ್ಲಿ ಕ್ಲೆಬ್ಸಿಯೆಲ್ಲ ಎಂಬ ಸೂಕ್ಷ್ಮಾಣು ಹುಲುಸಾಗಿ ಬೆಳೆಯುತ್ತದೆ, ಅದರ ಕೆಚ್ಚಲು ಬಾವು ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ ಎಂದು ಆಮೇಲೆ ವೈದ್ಯರು ತಿಳಿಸಿದರು. ಹೊಟ್ಟು ಹಾಸಲೇಬೇಕೆಂದಿದ್ದರೆ ಚೆನ್ನಾಗಿ ಒಣಗಿದ ಮರದ್ದಾಗಿರಬೇಕು. ಪ್ಲೈವುಡ್ಡಿನದ್ದು, ಔಷಧಿ ಹೊಡೆದ ಮರದ್ದು ಬೇಡವೇ ಬೇಡ. ಅದರಿಂದ ಬರುವ ಗೊಬ್ಬರದ ಬಗ್ಗೆಯೂ ಆಸೆ ಇಟ್ಟುಕೊಳ್ಳಬೇಡಿ. ಗುಂಡಿ ಚೆನ್ನಾಗಿ ಕಳಿಯಲು ಇಂಗಾಲ 25-30 ಪಾಲಿಗೆ ಸಾರಜನಕ ಒಂದು ಪಾಲು ಇರಬೇಕು. ಹೊಟ್ಟಿನಲ್ಲಿ ಇಂಗಾಲ ಹಲವು ನೂರು ಪಾಲು. ಅರೆಬೆಂದ ಹೊಟ್ಟನ್ನು ಮರದ ಬುಡಕ್ಕೆ ಹಾಕಿದರೆ ಮಣ್ಣಿನಲ್ಲಿರುವ ಸಾರಜನಕವನ್ನೂ ಅದು ಎಳೆದುಕೊಳ್ಳುತ್ತದೆ. ಗೊಬ್ಬರ ಹಾಕಿದ ವರ್ಷವೇ ಸೋಗೆ ಹಳದಿಯಾಯಿತೆಂದು ದೂರುವವರು ಗುಂಡಿಗೆ ಏನು ಹೋಗಿತ್ತೆಂದು ನೆನಪಿಸಿಕೊಳ್ಳಲಿ.

ಕಾಫಿ ಚೆರಿಯ ಒಣ ಸಿಪ್ಪೆ ಹೊಟ್ಟಿಗಿಂತ ಮೇಲು. ಪೊಟ್ಯಾಷ್ ತುಂಬಿದ ವಸ್ತು. ಹಲ್ಲರ್ ಮಾಡಿದ ಕೂಡಲೇ ಒಣಗಿದ್ದಾಗಲೇ ಚೀಲ ತುಂಬಿ ಮಳೆ ತಾಗದಂತೆ ಇಟ್ಟರೆ ಮಳೆಗಾಲದಲ್ಲಿ ಗಂಜಲದ ಕಾಲುವೆಯ ಅಂಚಿಗೆ ಎರಚಲು ಬಹಳ ಅನುಕೂಲ. ದನ ಅದನ್ನು ಹೆಚ್ಚು ತಿನ್ನಬಾರದು; ಕೆಫೀನ್ ಅದಕ್ಕೂ ಒಗ್ಗುವುದಿಲ್ಲ. ಆದ್ದರಿಂದ ಗೋದಲಿಯ ಕಡೆ ಹಾಕದೆ ಹಿಂಗಾಲಿನ ಕಡೆ ಮಾತ್ರ ಹಾಕುತ್ತೇವೆ. ಪಲ್ಪರಿನಿಂದ ಬರುವ ಹಸಿ ಸಿಪ್ಪೆ ಹಾಸಲ್ಲ, ಅದು ಗುಂಡಿಯ ಸರಕು.

ಅಡಿಕೆ ಸಿಪ್ಪೆ ಹೀರುತ್ತದೆ, ಆದರೆ ನಾರು ಗಟ್ಟಿ. ಅದರ ಮೇಲೆ ಮಲಗಿದ ದನಕ್ಕೆ ಸುಖವಿಲ್ಲ, ಗುಂಡಿಯಲ್ಲಿ ಕಳಿಯಲು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಕೆಳಪದರಕ್ಕೆ, ಅದೂ ತೆಳ್ಳಗೆ ಹಾಕಬಹುದು. ಅಕೇಸಿಯಾ ಎಲೆಯನ್ನು ಬಿಟ್ಟಿ ಸಿಗುತ್ತದೆಂದು ಹಲವರು ತರುತ್ತಾರೆ. ಚರ್ಮದಂಥ ಎಲೆ, ನೀರು ಹಿಡಿಯುವುದಿಲ್ಲ, ಒಂದರ ಮೇಲೊಂದು ಕೂತು ಜಾರುತ್ತದೆ. ನಾವು ಬಿಟ್ಟೆವು. ಹಸಿ ಸೊಪ್ಪಿನಲ್ಲಿ ಮತ್ತಿ, ಹೊನ್ನೆ, ನಂದಿ ಒಳ್ಳೆಯವು. ಬೇಲಿಯ ಗ್ಲಿರಿಸಿಡಿಯಾ ಗೊಬ್ಬರಕ್ಕೆ ಎಲ್ಲಕ್ಕಿಂತ ಉತ್ತಮ. ಲಂಟಾನ ಕೊಟ್ಟಿಗೆಗೆ ಬರಕೂಡದು. ದನ ತಿಂದರೆ ಪಿತ್ತಕೋಶ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಹೊಲಗೇರು ಕಡಿದವರ ಮೈಯೇ ಬೊಬ್ಬೆಯೇಳುವಾಗ ದನದ ಕೆಚ್ಚಲಿನ ಗತಿ ಹೇಳುವುದೇನು? ಯುಪಟೋರಿಯಂ ಹೂ ಬಿಡುವ ಮುಂಚೆ ಕಡಿದರೆ ಗುಂಡಿಗೆ ಲಾಭ, ಹೂ ಬಿಟ್ಟ ಮೇಲೆ ತಂದರೆ ಅದರ ಬೀಜವನ್ನು ನಾವೇ ತೋಟಕ್ಕೆ ಬಿತ್ತಿದಂತೆ.

ರಬ್ಬರ್ ಮ್ಯಾಟ್ ಬಗ್ಗೆ ಕೇಳುವವರಿದ್ದಾರೆ. ಮಂಡಿಗೆ ಒಳ್ಳೆಯದು, ತೊಳೆಯುವುದು ಸುಲಭ, ಗೋಬರ್ ಗ್ಯಾಸ್ ಇರುವವರಿಗೆ ಸರಿ. ಆದರೆ ರಬ್ಬರ್ ಗಂಜಲ ಹೀರುವುದಿಲ್ಲ. ಅದರ ಮೇಲೂ ತೆಳ್ಳಗೆ ಏನನ್ನಾದರೂ ಹಾಸಬೇಕು, ಇಲ್ಲವೇ ತೊಳೆದ ನೀರನ್ನು ತೋಟಕ್ಕೆ ಮುಟ್ಟಿಸುವ ಏರ್ಪಾಡು ಬೇಕು.

ಇವೆಲ್ಲ ಹೋಗಿ ಉಳಿಯುವುದು ನಮ್ಮ ತೋಟದಲ್ಲೇ ಬೀಳುವ ಸೋಗೆ. ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಬೀಳಿಸುತ್ತದೆ. ಎಕರೆಗೆ 550 ಮರದಿಂದ ಐದರಂತೆ 2,750 ಸೋಗೆ. ಹಾಳೆ ಬಿಟ್ಟು ಒಣ ಸೋಗೆಗೆ ಅರ್ಧ ಕಿಲೋ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ಸುಮಾರು 1,400 ಕಿಲೋ ಆಯಿತು. ನಮ್ಮ ಮನೆಯಲ್ಲಿ ಮಿಶ್ರತಳಿಯ ಹಸುವೊಂದಕ್ಕೆ ದಿನಕ್ಕೆ ನಾಲ್ಕು ಕಿಲೋ ಒಣ ಹಾಸು ಬೇಕಾಗುತ್ತದೆ. ಅಂದರೆ ಒಂದು ಎಕರೆ ತೋಟದ ಸೋಗೆ ಒಂದು ಹಸುವಿನ ವರ್ಷದ ಹಾಸಿಗೆಗೆ ಹೆಚ್ಚುಕಡಿಮೆ ಸಾಕು. ಇಡೀ ಸೋಗೆಯನ್ನು ಹಾಸಿದರೆ ದಿಂಡು ಚುಚ್ಚುತ್ತದೆ, ದನ ಎಡವುತ್ತದೆ. ಯಂತ್ರಕ್ಕೆ ಕೊಟ್ಟು ಎರಡು ಮೂರು ಅಂಗುಲಕ್ಕೆ ಕತ್ತರಿಸಬೇಕು. ಕತ್ತರಿಸಿದ ಸೋಗೆ ಹುಲ್ಲಿನಷ್ಟು ಹೀರುವುದಿಲ್ಲ ಎಂಬುದು ನಿಜ. ಮೇಲೆ ಒಂದು ಹಿಡಿ ಕಾಫಿ ಸಿಪ್ಪೆಯೋ ಹುಲ್ಲಿನ ಕಡ್ಡಿಯೋ ಸೇರಿದರೆ ಆ ಕೊರತೆ ತುಂಬುತ್ತದೆ. ಎಲೆಚುಕ್ಕೆ ರೋಗ ತಗುಲಿದ ತೋಟದವರಿಗೆ ಒಂದು ಎಚ್ಚರಿಕೆ: ರೋಗದ ಸೋಗೆಯನ್ನು ಹಾಸಿ, ಅರೆಕಳಿತ ಗೊಬ್ಬರವನ್ನು ಮತ್ತೆ ತೋಟಕ್ಕೆ ಹೊರಬೇಡಿ. ಅದನ್ನು ಬೇರೆ ಮಾಡಿ ಸುಡುವುದೇ ಸರಿ.

‘ಸೋಗೆಯನ್ನು ಬುಡಕ್ಕೆ ಮುಚ್ಚಿಗೆ ಹಾಕುವುದು ಬಿಟ್ಟು ಕೊಟ್ಟಿಗೆಗೆ ತರಬೇಕೆ?’ ಎಂದು ಕೇಳಬಹುದು. ಅದು ಕೊಟ್ಟಿಗೆಯನ್ನು ಹಾದು ಗೊಬ್ಬರವಾಗಿ ಅದೇ ಬುಡಕ್ಕೆ ಹಿಂತಿರುಗುತ್ತದೆ. ಇಷ್ಟಕ್ಕೂ ದರಗು ಇರುವಾಗ ಈ ಯಂತ್ರ, ಈ ಖರ್ಚು ಯಾಕೆ ಎನ್ನುವವರಿಗೆ ಉತ್ತರ ಮುಂದಿದೆ.

ದರಗಿನ ಮಾತು

ಹಾಸಾಗಿ ನೋಡಿದರೆ ದರಗಿಗೆ ದೋಷವಿಲ್ಲ. ಒಣಗಿರುತ್ತದೆ, ಹಗುರ, ಸಾಕಷ್ಟು ಹೀರುತ್ತದೆ, ಗೊಬ್ಬರ ಹುಡಿಹುಡಿಯಾಗಿ ಬರುತ್ತದೆ. ದೋಷ ಇರುವುದು ಅದನ್ನು ತರುವ ಜಾಗದಲ್ಲಿ ಮತ್ತು ತರುವ ಕಾಲದಲ್ಲಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಯ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದೊಂದು ಹೊಸ ವೈರಸ್ ಎಂದೂ, ಕಾಡಿನ ಉಣುಗು ಇದನ್ನು ಹರಡುವುದೆಂದೂ ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಆ ಮೇಲೆ ಅದು ಕ್ಯಾಸನೂರಿನಲ್ಲಿ ಕೂತಿಲ್ಲ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವು ಜೀವ ತೆಗೆಯಿತು. 2024ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಸಾವು ಸಂಭವಿಸಿತು.

ಉಣುಗಿನ ವರ್ಷಚಕ್ರವನ್ನು ತಿಳಿದರೆ ದರಗಿಗೂ ಅದಕ್ಕೂ ಇರುವ ನಂಟು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಬಲಿತ ಉಣುಗು ಮೇಯುವ ದನದ ಮೈಗೆ ಹತ್ತಿ, ರಕ್ತ ಹೀರಿ, ಕೆಳಗುದುರಿ ಕಾಡಿನ ನೆಲದಲ್ಲಿ ಮೊಟ್ಟೆ ಇಡುತ್ತದೆ. ಮಳೆ ಬಿಟ್ಟ ಮೇಲೆ ಮರಿಯಾಗುತ್ತದೆ. ನವೆಂಬರಿನಿಂದ ಮೇ ತಿಂಗಳವರೆಗೆ ಗುಂಡುಸೂಜಿಯ ತಲೆಯಷ್ಟೇ ಇರುವ ಎಳೆ ಉಣುಗು ಒಣಗಿದ ಎಲೆಗಳ ನಡುವೆ ಕಾದು ಕೂತಿರುತ್ತದೆ. ಮನುಷ್ಯನಿಗೆ ರೋಗ ತಗುಲಿಸುವುದು ಹೆಚ್ಚಾಗಿ ಈ ಎಳೆ ಉಣುಗು. ನಾವು ಹಿಡಿ ಹಿಡಿದು ದರಗು ಗುಡಿಸುವುದೂ, ತಬ್ಬಿ ಬುಟ್ಟಿಗೆ ತುಂಬುವುದೂ, ತಲೆಯ ಮೇಲೆ ಹೊರುವುದೂ ಸರಿಯಾಗಿ ಇದೇ ತಿಂಗಳುಗಳಲ್ಲಿ. ಶಿವಮೊಗ್ಗ ಜಿಲ್ಲೆಯಲ್ಲಿ 2011-12ರಲ್ಲಿ ರೋಗ ಬಂದವರ ಮನೆಗಳನ್ನೂ ಬಾರದವರ ಮನೆಗಳನ್ನೂ ಹೋಲಿಸಿ ನೋಡಿದಾಗ, ರೋಗ ಬಂದ ಕಡೆ ಹೆಚ್ಚಾಗಿ ಕಂಡ ಸಂಗತಿಗಳಲ್ಲಿ ಒಂದು ಮನೆಯ ಸುತ್ತ ಒಣ ಎಲೆಯ ರಾಶಿ ಇದ್ದದ್ದು. ಕಾಡಿಗೆ ಹೋಗದವರ ಮನೆ ಬಾಗಿಲಿಗೂ ನಾವು ಕಾಡಿನ ನೆಲವನ್ನೇ ಹೊತ್ತು ತರುತ್ತಿದ್ದೇವೆ ಎಂದರ್ಥ.

ನಮ್ಮ ತೋಟದಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿರುವ ಹೆಂಗಸೊಬ್ಬರು ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಮ್ಮ ಬೆಟ್ಟದಿಂದ ಎಂಟು ದಿನ ದರಗು ಹೊತ್ತರು. ಮೇಲಿನ ಕಾನಿನಲ್ಲಿ ಎರಡು ಮಂಗ ಸತ್ತು ಬಿದ್ದಿವೆ ಎಂಬ ಸುದ್ದಿ ಅದಕ್ಕೆ ಹದಿನೈದು ದಿನ ಮುಂಚೆಯೇ ನಮ್ಮ ಕಿವಿಗೆ ಬಿದ್ದಿತ್ತು. ಕಾನು ಎಲ್ಲಿ, ನಮ್ಮ ಬೆಟ್ಟ ಎಲ್ಲಿ ಎಂದುಕೊಂಡೆವು. ಆರೋಗ್ಯ ಕೇಂದ್ರಕ್ಕೆ ತಿಳಿಸಲೂ ಇಲ್ಲ, ಯಾರಾದರೂ ತಿಳಿಸಿರುತ್ತಾರೆ ಎಂಬ ಭಾವನೆ. ಕೊನೆಯ ಬುಟ್ಟಿ ಇಳಿಸಿದ ಐದನೆಯ ದಿನ ಆಕೆಗೆ ಒಮ್ಮೆಲೇ ಜ್ವರ, ತಲೆಸಿಡಿತ, ಸೊಂಟ-ಮೀನಖಂಡದಲ್ಲಿ ಮುಟ್ಟಲಾಗದ ನೋವು. ಎರಡು ದಿನ ಮಾತ್ರೆಯಲ್ಲಿ ಕಳೆಯಿತು. ಒಸಡಿನಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು. ಹತ್ತೊಂಬತ್ತು ದಿನ ಅಲ್ಲಿದ್ದರು. ಬದುಕಿದರು, ಆದರೆ ತೋಟಕ್ಕೆ ಕಾಲಿಡಲು ಆರು ತಿಂಗಳು ಬೇಕಾಯಿತು. ನಾವು ನೋಡಲು ಹೋದಾಗ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದವರು ಕೇಳಿದ ಮೊದಲ ಮಾತು: “ದರಗು ಅರ್ಧಕ್ಕೇ ನಿಂತೋಯ್ತಲ್ಲ ಅಯ್ಯಾ, ಉಳಿದದ್ದು ಯಾರು ಹೊತ್ರು?”

ಉಣುಗು ಕಚ್ಚಿದ್ದು ದರಗಿನಿಂದಲೇ, ಸೌದೆಯಿಂದಲ್ಲ ಎಂದು ಪ್ರಮಾಣ ಮಾಡಿ ಹೇಳಲು ಬರುವುದಿಲ್ಲ. ಆದರೆ ಆ ಎಂಟು ದಿನ ಆಕೆಯನ್ನು ಬೆಟ್ಟಕ್ಕೆ ಕಳಿಸಿದ್ದು ನಾವು, ಕಳಿಸಿದ್ದು ನಮ್ಮ ಕೊಟ್ಟಿಗೆಯ ಹಾಸಿಗೆ. ಆಸ್ಪತ್ರೆಯ ಖರ್ಚನ್ನೂ ಆರು ತಿಂಗಳ ಕೂಲಿಯನ್ನೂ ಕೊಟ್ಟೆವು. ಕೊಟ್ಟದ್ದರಿಂದ ಲೆಕ್ಕ ಚುಕ್ತಾ ಆಯಿತೆಂದು ನಮಗೆ ಅನ್ನಿಸಿಲ್ಲ.

ಈ ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೇ ಎಂದು ನಿಖರವಾದ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿದವರಿಗೆ ಆರೈಕೆಯೇ ಔಷಧಿ. 1990ರಿಂದ ಹಾಕುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಕಂಡು ಅದನ್ನು ನಿಲ್ಲಿಸಲಾಗಿದೆ. ರೋಗಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ರೋಗಿಯ ಮನೆಯವರನ್ನು ದೂರ ಇಡುವುದು ಅನ್ಯಾಯ. ದನಗಳಿಗೆ ಈ ರೋಗದಿಂದ ತೊಂದರೆ ಕಾಣುವುದಿಲ್ಲ. ಆದರೆ ಅವು ಉಣುಗನ್ನು ಸಾಕುತ್ತವೆ. ಕಾಡಿಗೆ ಹೋಗಿ ಬಂದ ದನದ ಕಿವಿ, ಗಂಗೆದೊಗಲು, ಬಾಲದ ಬುಡ ನೋಡಿ. ಔಷಧಿಯನ್ನು ಪಶುವೈದ್ಯರನ್ನು ಕೇಳಿ ಹಾಕಿ.

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಿದೆ. ಮಂಗ ಸತ್ತ ಸುದ್ದಿ ಇರುವ ಅಥವಾ ಹಿಂದಿನ ವರ್ಷಗಳಲ್ಲಿ ಕಾಯಿಲೆ ಕಂಡ ಊರಿನವರು ಕಾಡಿನ, ಬೆಟ್ಟದ ದರಗನ್ನು ಪೂರ್ತಿ ಬಿಡಬೇಕು. ಸತ್ತ ಮಂಗವನ್ನು ಮುಟ್ಟದೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇನ್ನೊಬ್ಬರು ತಿಳಿಸಿದ್ದರೂ ತಿಳಿಸಬೇಕು. ಬೇರೆ ಊರಿನವರು ದರಗು ತರಿಸಲೇಬೇಕಾದರೆ ಹೋಗುವವರಿಗೆ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಕೊಡಬೇಕು. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಸಿಯೇ ಕಳಿಸಬೇಕು. ಎಣ್ಣೆ ಬಾಟಲಿ ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟುಕೊಂಡ ಯಜಮಾನರನ್ನು ನಾವು ನೋಡಿದ್ದೇವೆ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೆ ಬಿಸಿನೀರು. ಸಂಜೆ ಐದಕ್ಕೆ ಕೆಲಸ ಬಿಟ್ಟವರು ಮನೆಗೆ ಹೋಗಿ ನೀರು ಕಾಯಿಸಿಕೊಳ್ಳುವುದು ಎಷ್ಟು ಹೊತ್ತಿಗೆ? ನಾಲ್ಕು ಗಂಟೆಗೇ ಬಿಟ್ಟು, ನಮ್ಮ ಬಚ್ಚಲ ಹಂಡೆಯಲ್ಲೇ ನೀರು ಕೊಡುವುದು ನ್ಯಾಯ. ತಂದ ರಾಶಿ ಮನೆಯಿಂದಲೂ ಲೈನುಮನೆಗಳಿಂದಲೂ ದೂರ ಇರಲಿ. ಹಾಗೆಂದು ಕಾಫಿ ಗಿಡದ ಬುಡದ ದರಗನ್ನು ಗುಡಿಸಿ ತರಬೇಡಿ. ಅದು ಕಾಫಿಯ ಹಾಸು, ಅದನ್ನು ತೆಗೆದರೆ ಬೇಸಿಗೆಯಲ್ಲಿ ಬೇರು ಒಣಗುತ್ತದೆ.

ಹಾಸನ್ನು ನೋಡಿಕೊಳ್ಳುವ ಬಗೆ

ಯಾವ ಹಾಸಾದರೂ ಒಣಗಿರಬೇಕು. ಒಣಗಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿದರೆ ತಿಳಿಯದು. ಹಸು ಮಲಗುವ ಜಾಗದಲ್ಲಿ ನೀವೇ ಮಂಡಿಯೂರಿ ಹತ್ತು ಎಣಿಸಿ. ಪಂಚೆ ಒದ್ದೆಯಾದರೆ ಹಾಸು ಬದಲಿಸುವ ಹೊತ್ತಾಗಿದೆ. ನಗಬೇಡಿ, ಹಾಸನ್ನು ನೋಡಲು ಇದಕ್ಕಿಂತ ಒಳ್ಳೆಯ ಉಪಕರಣ ನಮಗೆ ಸಿಕ್ಕಿಲ್ಲ.

ನೆಲಕ್ಕೆ ಹಿಂದಕ್ಕೆ ಸ್ವಲ್ಪ ಇಳಿಜಾರು — ಐದಡಿಗೆ ಒಂದೂವರೆ ಅಂಗುಲ — ಇದ್ದರೆ ಅರ್ಧ ಕೆಲಸ ಮುಗಿಯಿತು. ಬೆಳಿಗ್ಗೆ ಸಗಣಿಯನ್ನೂ ಒದ್ದೆಯಾದ ಭಾಗವನ್ನೂ ಎತ್ತಿ, ಹಿಂಗಾಲಿನ ಕಡೆಗೆ ಹೊಸದು ಹಾಕುವುದು, ಸಂಜೆ ಇನ್ನೊಮ್ಮೆ. ದಿನವೂ ಪೂರ್ತಿ ತೆಗೆಯಬೇಕಾಗಿಲ್ಲ, ಒಣಗಿದ್ದನ್ನು ಮುಂದಿನಿಂದ ಹಿಂದಕ್ಕೆ ಎಳೆದುಕೊಂಡರೆ ಸರಿ. ವಾರಕ್ಕೊಮ್ಮೆ ಪೂರ್ತಿ ಎತ್ತಿ, ನೆಲ ತೊಳೆದು, ಎರಡು ಗಂಟೆ ಗಾಳಿಗೆ ಬಿಟ್ಟು ಮತ್ತೆ ಹಾಸುತ್ತೇವೆ. ಕರಾವಳಿಯ ಹಟ್ಟಿಗಳಲ್ಲಿ ತಿಂಗಳುಗಟ್ಟಲೆ ಪದರದ ಮೇಲೆ ಪದರ ಹಾಕುವ ಕ್ರಮವಿದೆ. ಗೊಬ್ಬರ ಉತ್ತಮವಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕರೆಯುವ ಮಿಶ್ರತಳಿಯನ್ನು ಅದರ ಮೇಲೆ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ. ಪಡ್ಡೆ, ಕರು, ಬತ್ತಿದ ದನ ಸರಿ.

ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಂಡರೆ ಕೆಚ್ಚಲು ಬಾವು ಎಷ್ಟೋ ಕಡಿಮೆಯಾಗುತ್ತದೆ. ಉಪಾಯ ಸುಲಭ: ಹುಲ್ಲನ್ನು ಕರೆಯುವ ಮುಂಚೆ ಹಾಕದೆ ಕರೆದ ಮೇಲೆ ಹಾಕಿ. ಹೊಸ ಹಾಸನ್ನೂ ಅದೇ ಹೊತ್ತಿಗೆ ಹಾಕಿದರೆ ಅದು ತಿಂದು ಮುಗಿಸಿ ಮಲಗುವುದು ಒಣ ಜಾಗದಲ್ಲಿ.

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಕಣ್ಣು ಉರಿಯುವುದು ಅಮೋನಿಯದಿಂದ. ನಮ್ಮ ಸಾರಜನಕ ಗಾಳಿಗೆ ಹೋಗುತ್ತಿದೆ ಎಂಬುದರ ಗುರುತು. ಅದಕ್ಕೆ ಕೆಲವರು ಸುಣ್ಣ, ಕೆಲವರು ಒಲೆಬೂದಿ ಎರಚುತ್ತಾರೆ. ವಾಸನೆ ಕಡಿಮೆಯಾದಂತೆ ಕಂಡರೂ ಸುಣ್ಣ, ಬೂದಿ ಗಂಜಲಕ್ಕೆ ಸೇರಿದರೆ ಅಮೋನಿಯ ಇನ್ನಷ್ಟು ಏಳುತ್ತದೆ. ಬೂದಿಯನ್ನು ನೇರ ಮರದ ಬುಡಕ್ಕೆ ಕೊಡಿ. ಗಂಜಲದ ಕಾಲುವೆಗೆ ಸೂಪರ್ ಫಾಸ್ಫೇಟನ್ನು ದನವೊಂದಕ್ಕೆ ದಿನಕ್ಕೆ ಕಾಲು ಕಿಲೋದಂತೆ ಉದುರಿಸಿದರೆ ಸಾರಜನಕ ಉಳಿಯುತ್ತದೆ, ಗೊಬ್ಬರದಲ್ಲಿ ಕೊರತೆಯಿರುವ ರಂಜಕವೂ ಸೇರುತ್ತದೆ. ಕಾಲುವೆಗೆ ಮಾತ್ರ, ದನದ ಕೆಳಗೆ ಬೇಡ.

ಮಳೆಗಾಲದ ಹಾಸು ಬೇಸಿಗೆಯಲ್ಲೇ ಸೂರಿನಡಿ ಬಿದ್ದಿರಬೇಕು. ಜನವರಿಯಿಂದ ಏಪ್ರಿಲಿನವರೆಗೆ ಬಿದ್ದ ಸೋಗೆಯನ್ನು ಹದಿನೈದು ದಿನಕ್ಕೊಮ್ಮೆ ಎಳೆದು, ಅಂಗಳದಲ್ಲಿ ಎರಡು ಬಿಸಿಲು ಕೊಟ್ಟು, ಕತ್ತರಿಸಿ ಅಟ್ಟಕ್ಕೋ ಕೊಟ್ಟಿಗೆಯ ಮಾಡಿಗೋ ಏರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರ್ಗೆ ಒಂದು ಹಸುವಿಗೆ ಐದು ನೂರು ಕಿಲೋ ಎಂದಿಟ್ಟುಕೊಳ್ಳಿ. ಆ ತಿಂಗಳುಗಳಲ್ಲಿ ನಾಲ್ಕು ಕಿಲೋ ಸಾಲದೆ ಬರುವ ದಿನಗಳಿಗೆ ಕಾಫಿ ಸಿಪ್ಪೆಯ ಚೀಲ ಇರುತ್ತದೆ.

ಸೋಗೆ ಕತ್ತರಿಸುವ ಯಂತ್ರವನ್ನು ಎಲ್ಲರೂ ಕೊಳ್ಳುವ ಅಗತ್ಯವಿಲ್ಲ. ಸಂಘದ ಯಂತ್ರ ಜನವರಿ ಮೊದಲ ವಾರದಿಂದ ಸರದಿಯ ಮೇಲೆ ಸದಸ್ಯರ ಮನೆಗೆ ಬರುತ್ತದೆ. ಕಳೆದ ವರ್ಷದ ಅನುಭವದಂತೆ, ಸೋಗೆ ಮುಂಚೆಯೇ ಒಣಗಿಸಿ ರಾಶಿ ಮಾಡಿಟ್ಟ ಮನೆಯಲ್ಲಿ ಅರ್ಧ ದಿನಕ್ಕೆ ಮುಗಿದ ಕೆಲಸ, ಹಸಿ ಸೋಗೆ ಇಟ್ಟುಕೊಂಡ ಮನೆಯಲ್ಲಿ ಬ್ಲೇಡು ಸುತ್ತಿಕೊಂಡು ಒಂದೂವರೆ ದಿನ ಹಿಡಿಯಿತು, ಹಿಂದಿನವರು ಕಾದರು. ಹೆಸರು ಬರೆಸುವವರು ಎಷ್ಟು ಎಕರೆ, ಎಷ್ಟು ದನ ಎಂಬುದನ್ನೂ ಜೊತೆಗೆ ತಿಳಿಸಬೇಕು. ಬೆಟ್ಟದ ದರಗು ಬಿಟ್ಟಿದ್ದೇವೆ ಎಂದು ಹೇಳುವವರಿಗೆ ಸರದಿಯಲ್ಲಿ ಮೊದಲ ಅವಕಾಶ ಕೊಡಬೇಕೆಂದು ಆಡಳಿತ ಮಂಡಳಿಯ ಮುಂದೆ ನಾವು ಸೂಚನೆ ಇಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ.